ಸಹಾಯ ಬೇಕು: ಊಟಕ್ಕೆ ಕರೆದವರ ಮನಸ್ಸು ನೋಯಿಸದೆ ಬೇಡ ಅನ್ನುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೇರೆ ದೇಶದ ಸಹೋದ್ಯೋಗಿಯೊಬ್ಬರು ಶನಿವಾರ ಮತ್ತೆ ಮನೆಗೆ ಊಟಕ್ಕೆ ಕರೆದಿದ್ದಾರೆ. ಹೋಗುವ ಆಸೆ ಇದೆ. ಆದರೆ ಹೋದ ಸಲ ಆದದ್ದು ಇನ್ನೂ ಮನಸ್ಸು ಕೊರೆಯುತ್ತಿದೆ.

ಅವರ ತಾಯಿ ಹುಳಿ ಬರಿಸಿದ ಮೀನಿನ ತುಂಡೊಂದನ್ನು ತಾವೇ ನನ್ನ ತಟ್ಟೆಗೆ ಹಾಕಿದರು. ವಾಸನೆಗೇ ಗಂಟಲು ಕಟ್ಟಿತು. ಆದರೂ ಬಾಯಿಗಿಟ್ಟೆ, ಅಗಿಯಲಾಗದೆ ನೀರು ಕುಡಿದು ನುಂಗಿದೆ. ತಟ್ಟೆ ಖಾಲಿಯಾದದ್ದು ನೋಡಿ ಅವರು ಖುಷಿಯಿಂದ ಇನ್ನೊಂದು ತುಂಡು ಹಾಕಿದರು. ಅದನ್ನು ಹಾಗೇ ಬಿಟ್ಟೆ. ಅವರ ಮುಖ ಸಣ್ಣದಾಯಿತು.

ಕೆಲವು ಕಡೆ ತಟ್ಟೆ ಖಾಲಿ ಮಾಡಿದರೆ ಇನ್ನೂ ಬೇಕು ಅಂತ ಅರ್ಥ. ಕೆಲವು ಕಡೆ ಉಳಿಸಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಇದನ್ನು ಸಹೋದ್ಯೋಗಿಯ ಹತ್ತಿರ ಮೊದಲೇ ಕೇಳಿದರೆ ತಪ್ಪಾಗುತ್ತದಾ? ಚೂರು ರುಚಿ ನೋಡಿ ಸಾಕು ಅಂದರೆ ನಡೆಯುತ್ತದಾ?

ಅಲರ್ಜಿ ಅಂತ ಸುಮ್ನೆ ಒಂದು ಸುಳ್ಳು ಹೇಳಿಬಿಡು ಅಂದರು ಒಬ್ಬರು. ನನಗದು ಇಷ್ಟವಿಲ್ಲ. ಆಮೇಲೆ ಅವರು ಪ್ರತಿ ಸಲವೂ ಹೆದರಿಕೊಂಡು ಅಡುಗೆ ಮಾಡಬೇಕಾಗುತ್ತದೆ, ಅಲ್ವಾ? ನಿಜವಾಗಿ ಅಲರ್ಜಿ ಇರುವವರ ಮಾತಿಗೂ ಬೆಲೆ ಹೋಗುತ್ತದೆ.

ಹಿರಿಯರು ಪ್ರೀತಿಯಿಂದ ಬಡಿಸಲು ಬಂದಾಗ ನೀವು ಏನು ಹೇಳಿದಿರಿ? ಆಡಿದ ಮಾತನ್ನು ಹಾಗೇ ಬರೆಯಿರಿ, ದಯವಿಟ್ಟು.