ಹಲಸಿನ ಮರದಲ್ಲಿ ಪೆನ್ ಮಾಡಬೇಕು, ಯಾವ ಲೇತ್ ತಗೊಳ್ಳಲಿ?

ಬಾಲ್ಕನಿ ಬಡಗಿ (ಬನಶಂಕರಿ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮಳೆಗೆ ಮಲ್ಲೇಶ್ವರದಲ್ಲಿ ನಮ್ಮ ಸೋದರಮಾವನ ಮನೆ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಬಿತ್ತು. ಕಡಿಯಲು ಬಂದವರು ಸೌದೆಗೆ ಅಂತ ಹೊತ್ತುಕೊಂಡು ಹೋಗುವ ಮೊದಲು ನಾನು ಒಂದು ಗೋಣಿಚೀಲ ತುಂಬಾ ತುಂಡು ಎತ್ತಿಟ್ಟುಕೊಂಡೆ. ಒಳಗೆ ಒಳ್ಳೆ ಅರಿಶಿನದ ಬಣ್ಣ. ಇದರಲ್ಲಿ ಪೆನ್ ಮಾಡಿ ಮಾವನಿಗೂ ಅವರ ಮಕ್ಕಳಿಗೂ ಕೊಡಬೇಕು ಅಂತ ಆಸೆ. ಮರ ತಿರುಗಿಸಿ ಕಡೆಯುವ ಯಂತ್ರ, ಅದೇ ಲೇತ್, ಯಾವುದು ತಗೊಳ್ಳಲಿ ಅಂತ ವಿಡಿಯೋ ನೋಡಲು ಕೂತೆ, ಹತ್ತು ಜನ ಹತ್ತು ಥರ ಹೇಳುತ್ತಾರೆ, ತಲೆ ಕೆಟ್ಟುಹೋಯಿತು.

ನಾನಿರುವುದು ಬಾಡಿಗೆ ಮನೆ, ಎರಡನೇ ಮಹಡಿ. ಕೆಳಗೆ ಓನರ್ ಅಂಕಲ್ ಇದ್ದಾರೆ, ಮಿಕ್ಸಿ ಸದ್ದಿಗೇ ಫೋನ್ ಮಾಡುವಂಥವರು. ಬಾಲ್ಕನಿಯಲ್ಲಿ ನಾಲ್ಕಡಿ ಉದ್ದದ ಮೇಜು ಹಿಡಿಸುತ್ತದೆ. ಎಲ್ಲಾ ಸೇರಿ 30 ಸಾವಿರದ ಒಳಗೆ ಮುಗಿಸಬೇಕು. ಮಣಿ ಕಡೆಯುವ ಪುಟ್ಟ ಲೇತ್ ಆನ್‌ಲೈನಲ್ಲಿ ನಾಲ್ಕೈದು ಸಾವಿರಕ್ಕೇ ಕಾಣಿಸುತ್ತಿದೆ, ಅದು ಸಾಕಾಗುತ್ತದಾ? ಮತ್ತೆ ಈ ಹಲಸು ಪೆನ್ನಿಗೆ ಆಗುತ್ತದಾ ಇಲ್ಲವಾ?

ಪೀಣ್ಯ ಟರ್ನರ್

ಮೇಡಂ, ಲೇತ್ ಆಮೇಲೆ. ಮೊದಲು ಆ ಗೋಣಿಚೀಲ ಬಿಚ್ಚಿ. ಹಸಿ ಮರ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹಲಸು ಚೆನ್ನಾಗಿಯೇ ಆಗುತ್ತದೆ. ವೀಣೆಗೆ ಆಗುವ ಮರ ಪೆನ್ನಿಗೆ ಆಗಲ್ವಾ? ಆದರೆ ನಿಮ್ಮದು ಕೊಂಬೆ. ನಡುವಿನ ಮೆತ್ತನೆ ತಿರುಳು ಒಳಗೇ ಉಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಬಿಡದೆ ಇದ್ದರೆ ನಿಮ್ಮ ಅದೃಷ್ಟ. ತಿರುಳಿನ ಮೇಲೇ ಹಾಯಿಸಿ ಉದ್ದಕ್ಕೆ ಸೀಳಿಸಿ, ಆಮೇಲೆ ತಿರುಳು ಬಿಟ್ಟು ಹಳದಿ ಚೇಗಿನ ಭಾಗವನ್ನು ಒಂದಿಂಚು ಚೌಕ, ಆರಿಂಚು ಉದ್ದದ ತುಂಡುಗಳಾಗಿ ಕೊಯ್ಸಿ. ಎರಡೂ ತುದಿಗೆ ಮೇಣದಬತ್ತಿ ಕರಗಿಸಿ ಹಚ್ಚಿ. ನೀರು ತುದಿಯಿಂದಲೇ ಬೇಗ ಆರುವುದು, ಸೀಳು ಶುರುವಾಗುವುದೂ ಅಲ್ಲೇ. ನೆರಳಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಅಂಟದ ಹಾಗೆ ಜೋಡಿಸಿಡಿ. ಬೇಗ ಆಗಲಿ ಅಂತ ಟೆರೇಸ್ ಬಿಸಿಲಿಗೆ ಹಾಕಬೇಡಿ.

ಒಣಗಿತಾ ಅಂತ ನೋಡಲು ಅಡುಗೆಮನೆ ತಕ್ಕಡಿ ಸಾಕು. ಪ್ರತಿ ತುಂಡಿಗೂ ನಂಬರ್ ಬರೆದು ಭಾನುವಾರ ಭಾನುವಾರ ತೂಗಿ. ತೂಕ ಇಳಿಯುವುದು ನಿಂತಿತು ಅಂದರೆ ಮರ ನಮ್ಮೂರಿನ ಗಾಳಿಗೆ ಹೊಂದಿಕೊಂಡಿದೆ ಅಂತ ಲೆಕ್ಕ. ಇದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ನಿಧಾನ. ಇಷ್ಟು ಯಾಕೆ ಹೇಳುತ್ತೇನೆ ಅಂದರೆ ಪೆನ್ನಿನ ಒಳಗೆ ಹಿತ್ತಾಳೆ ಕೊಳವೆ ಅಂಟಿಸಿರುತ್ತೇವೆ. ಮರ ಕುಗ್ಗುತ್ತದೆ, ಹಿತ್ತಾಳೆ ಕುಗ್ಗಲ್ಲ. ಮರ ಸೀಳದೆ ಇನ್ನೇನು ಮಾಡೀತು?

ಅಲ್ಲಿಯವರೆಗೆ ಕೈ ಪಳಗಿಸಲು ಒಣ ಮರ ತನ್ನಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ ಉಳಿಕೆ ತುಂಡು ಕೇಳಿ. ತೇಗ ಸಿಗುತ್ತದೆ, ಕಡೆಯಲು ಸುಲಭ, ಆದರೆ ಅದರಲ್ಲಿ ಮರಳಿನ ಅಂಶ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಬೀಟೆಯ ಪುಡಿ ಕೆಲವರಿಗೆ ಮೈ ಕೈ ಕೆರೆಯುವಂತೆ ಮಾಡುತ್ತದೆ, ಶುರುವಿಗೆ ಅದು ಬೇಡ.

ಮಣಿ ಲೇತ್ ಬೇಡವೇ ಬೇಡ. ಅದರ ಮೋಟರಿಗೆ ಶಕ್ತಿ ಇಲ್ಲ. ಮರದ ಇನ್ನೊಂದು ತುದಿಗೆ ಆಸರೆ ಕೊಡುವ ಹಿಂದುಗಡೆಯ ಟೇಲ್‌ಸ್ಟಾಕ್‌ನಲ್ಲಿ ಮೋರ್ಸ್ ಟೇಪರ್ ತೂತು (ಒಳಗೆ ಹೋದಂತೆ ಕಿರಿದಾಗುವ ತೂತು) ಇಲ್ಲದೆ ಹೋದರೆ ಕೊರೆಯುವ ಬಿಟ್ ಕಚ್ಚಿ ಹಿಡಿಯುವ ಡ್ರಿಲ್ ಚಕ್ ಕೂರುವುದಿಲ್ಲ, ಮರದ ತುದಿಗೆ ಊರುವ ಮೊನೆ, ಅಂದರೆ ಸರಿಯಾದ ಸೆಂಟರ್ ಕೂರುವುದಿಲ್ಲ, ಅರ್ಧ ಕೆಲಸ ಅಲ್ಲೇ ನಿಂತುಹೋಗುತ್ತದೆ. ಸೆಂಟರ್‌ಗಳ ನಡುವೆ 300 ಮಿ.ಮೀ. ಜಾಗ, ಅರ್ಧ ಎಚ್‌ಪಿ ಆಸುಪಾಸಿನ ಮೋಟರ್, ಎರಡೂ ಕಡೆ ಎಂಟಿ2 (ಎರಡನೇ ಸೈಜಿನ ಮೋರ್ಸ್) ಟೇಪರ್, ಸ್ಪೀಡ್ ಬದಲಾಯಿಸುವ ನಾಬ್, ಇಷ್ಟು ನೋಡಿಕೊಳ್ಳಿ. ಪೆನ್ನಿಗೆ ಇದು ಧಾರಾಳ. ಭಾರ ಜಾಸ್ತಿ ಇದ್ದಷ್ಟೂ ನಡುಕ ಕಮ್ಮಿ. ಮೇಜಿಗೆ ಬೋಲ್ಟ್ ಹಾಕಿ, ಮೇಜಿನ ಕಾಲಿನ ಕೆಳಗೆ ದಪ್ಪ ರಬ್ಬರ್ ಕೊಡಿ. ಓನರ್ ಅಂಕಲ್‌ಗೆ ಕೇಳಿಸುವುದು ಮೋಟರ್ ಸದ್ದಲ್ಲ, ನೆಲದಿಂದ ಇಳಿಯುವ ನಡುಕ.

ಆಲೆಮರ (ಚನ್ನಪಟ್ಟಣ, ಈಗ ಕೆಂಗೇರಿ)

ಅಕ್ಕ, ಟರ್ನರ್ ಅಣ್ಣ ಹೇಳಿದ್ದೆಲ್ಲಾ ಸರಿ, ಆದರೆ ದುಡ್ಡು ಹಾಕುವ ಮೊದಲು ಒಂದು ದಿನ ಚನ್ನಪಟ್ಟಣಕ್ಕೆ ಹೋಗಿ ಬನ್ನಿ, 60 ಕಿಲೋಮೀಟರ್ ಅಷ್ಟೇ. ಉಳಿಯನ್ನು ಟೂಲ್ ರೆಸ್ಟ್ ಮೇಲೆ ಹೇಗೆ ಊರುತ್ತಾರೆ, ಮೈ ಹೇಗೆ ವಾಲಿಸುತ್ತಾರೆ ಅನ್ನುವುದು ವಿಡಿಯೋದಲ್ಲಿ ಗೊತ್ತಾಗಲ್ಲ, ಪಕ್ಕದಲ್ಲಿ ನಿಂತೇ ನೋಡಬೇಕು. ನಮ್ಮ ಮನೆಯಲ್ಲಿ ಯಾರೂ ನನಗೆ ಕೂರಿಸಿಕೊಂಡು ಕಲಿಸಲಿಲ್ಲ. ಎರಡು ವರ್ಷ ಸುಮ್ನೆ ನಿಂತು ನೋಡಿದ್ದೇ ಪಾಠ.

ಇನ್ನೊಂದು, ಪಾಲಿಶ್. ಪೆನ್ ಮಾಡುವವರೆಲ್ಲಾ ಸೂಪರ್ ಗ್ಲೂ ಹಚ್ಚಿ ಹೊಳಪು ಬರಿಸುತ್ತಾರೆ. ನಮ್ಮ ಕಡೆ ಅರಗು. ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜುವ ಬಿಸಿಗೇ ಕರಗಿ ಹತ್ತುತ್ತದೆ, ಮೇಲೆ ತಾಳೆಗರಿ ಒತ್ತಿ ಹಿಡಿದರೆ ಗಾಜಿನ ಹಾಗೆ ಹರಡುತ್ತದೆ. ಗೊಂಬೆಗೆ ನಾವು ಬಳಸುವ ಆಲೆ ಮರ ಬೆಳ್ಳಗೆ ನುಣ್ಣಗೆ ಇರುತ್ತದೆ, ಬಣ್ಣ ಎದ್ದು ಕಾಣುತ್ತದೆ. ಹಲಸಿಗೆ ಬಣ್ಣ ಬೇಡ, ಬರೀ ಅರಗು ಹಾಕಿ, ಮರದ ಬಣ್ಣವೇ ಚೆಂದ. ಅಂದಹಾಗೆ ಆ ಅರಿಶಿನ ಬಣ್ಣ ಹಾಗೇ ಉಳಿಯಲ್ಲ, ಬೆಳಕಿಗೆ ಬರುಬರುತ್ತಾ ಕಂದು ತಿರುಗುತ್ತದೆ. ಮಾವನಿಗೆ ಮೊದಲೇ ಹೇಳಿಬಿಡಿ.

ಪೀಣ್ಯ ಟರ್ನರ್

ಅರಗು ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಪೆನ್ನು ದಿನಾ ಬೆವರು ಕೈಯಲ್ಲಿ ಇರುತ್ತದೆ ತಮ್ಮಾ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಹೊಳಪು ಹೋಗಿ ಕಲೆ ಬೀಳುತ್ತದೆ. ಶೋಕೇಸಿಗೆ ಅರಗು, ಜೇಬಿಗೆ ಗ್ಲೂ.

ಆಲೆಮರ (ಚನ್ನಪಟ್ಟಣ, ಈಗ ಕೆಂಗೇರಿ)

ಅಣ್ಣ, ಗ್ಲೂ ಹಾಕಿದ್ದು ಕೈಗೆ ಪ್ಲಾಸ್ಟಿಕ್ ಥರ ಅನ್ನಿಸುತ್ತದೆ. ಮರದ ಪೆನ್ ಅಂತ ಮಾಡಿ ಪ್ಲಾಸ್ಟಿಕ್ ಮುಟ್ಟಿಸುವುದಾ? ಮಾಸಿದರೆ ಮತ್ತೆ ಲೇತಿಗೆ ಹಾಕಿ ಅರಗು ಹಿಡಿದರಾಯಿತು.

ಮೂರನೇ ಪೆನ್

ನಾನೂ ಹೊಸಬನೇ. ಎರಡು ಪೆನ್ ಹಾಳು ಮಾಡಿ ಮೂರನೆಯದು ನಿಂತಿದೆ, ಹೆಸರೇ ಹೇಳುತ್ತದಲ್ಲಾ. ಇಲ್ಲಿ ಯಾರೂ ಹೇಳದ ಒಂದೆರಡು ವಿಷಯ ಹೇಳುತ್ತೇನೆ.

ಕಡೆಯುವುದು ಕಷ್ಟ ಅಲ್ಲ, ತೂತು ಕೊರೆಯುವುದು ಕಷ್ಟ. ನನ್ನ ಮೊದಲ ತುಂಡು ಕೈ ಡ್ರಿಲ್‌ನಲ್ಲಿ ಕೊರೆದೆ, ಈ ಕಡೆ ನಡುವೆ ಹೋದ ಬಿಟ್ ಆ ಕಡೆ ಪಕ್ಕದಲ್ಲಿ ಬಂತು. ಮರವನ್ನು ಲೇತ್ ಚಕ್‌ನಲ್ಲಿ ಕಚ್ಚಿಸಿ, ಬಿಟ್ಟನ್ನು ಹಿಂದಿನ ಡ್ರಿಲ್ ಚಕ್‌ನಲ್ಲಿ ಹಾಕಿ ನಿಧಾನ ಸ್ಪೀಡಲ್ಲಿ ಕೊರೆದರೆ ನೆಟ್ಟಗೆ ಹೋಗುತ್ತದೆ. ಪದೇ ಪದೇ ಬಿಟ್ ಹೊರಗೆ ಎಳೆದು ಪುಡಿ ಕೊಡವಿ, ಬಿಸಿ ಏರಿದರೆ ಒಳಗೇ ಸೀಳುತ್ತದೆ. ತುಂಡು ಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದ ಇರಲಿ, ಆಚೆ ಪೂರ್ತಿ ತೂರಿಸಬೇಡಿ. ಬಿಟ್ ಹೊರಬರುವ ಜಾಗದಲ್ಲೇ ಮರ ಕಿತ್ತುಕೊಂಡು ಹೋಗುವುದು. ಆ ತುದಿ ಆಮೇಲೆ ಕೊಯ್ದು ತೆಗೆಯಿರಿ.

ಕಿಟ್ ವಿಷಯ, ಅಂದರೆ ಕೊಳವೆ ಸಮೇತ ಪೆನ್ನಿನ ಬಿಡಿಭಾಗಗಳ ಸೆಟ್. ಎಲ್ಲರೂ ಸ್ಲಿಮ್‌ಲೈನ್ ಅನ್ನುತ್ತಾರೆ, ಅಗ್ಗ, 7 ಮಿ.ಮೀ. ಬಿಟ್ ಎಸ್‌ಪಿ ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಎರಡು ಕೊಳವೆ, ಎರಡೂ ತುಂಡಿನ ಎಳೆ ಹೊಂದಬೇಕು, ಮೇಲಾಗಿ ಅದಕ್ಕೆ ಕ್ರಾಸ್ ಮಾದರಿ ರೀಫಿಲ್ಲೇ ಬೇಕು. ನಮ್ಮ ಬೀದಿ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಸಿಯೆರಾ ಅಂತ ಇನ್ನೊಂದು ಬರುತ್ತದೆ, ಒಂದೇ ಕೊಳವೆ, ಪಾರ್ಕರ್ ಮಾದರಿ ರೀಫಿಲ್. ರೀಫಿಲ್ ಮುಗಿದ ಮೇಲೆ ನಿಮ್ಮ ಮಾವ ನಿಮಗೆ ಫೋನ್ ಮಾಡದೆ ತಾವೇ ಹಾಕಿಕೊಳ್ಳಬಹುದು. ಬಿಟ್ ಸೈಜ್ ಮಾತ್ರ ಕಿರಿಕಿರಿ, 27/64 ಇಂಚು, ಅಂದರೆ ಸುಮಾರು 10.7 ಮಿ.ಮೀ.

ಕೊಳವೆಯನ್ನು ಉಪ್ಪುಕಾಗದದಲ್ಲಿ ಒರಟು ಮಾಡಿ ಅರಾಲ್ಡೈಟ್‌ನಲ್ಲಿ ಅಂಟಿಸಿ, ರಾತ್ರಿಯಿಡೀ ಬಿಡಿ. ಅಂಟು ಕೊಳವೆ ಒಳಗೆ ನುಗ್ಗದ ಹಾಗೆ ಬಾಯಿಗೆ ಸ್ವಲ್ಪ ಚಪಾತಿ ಹಿಟ್ಟು ತುರುಕಿ (ಮನೆಯಲ್ಲಿ ಬೈಸಿಕೊಂಡೆ, ಆದರೆ ಕೆಲಸ ಆಯಿತು). ಲೇತಿಗೆ ಹಾಕಿದ ಮೇಲೆ ಹಿಂದಿನ ಸೆಂಟರ್ ಬಿಗಿಯಾಗಿ ಒತ್ತಬೇಡಿ. ಕೊಳವೆ ಅಂಟಿಸಿದ ತುಂಡು ಪೋಣಿಸುವ ಮ್ಯಾಂಡ್ರೆಲ್ ಸರಳು ಬಿಲ್ಲಿನ ಹಾಗೆ ಬಗ್ಗುತ್ತದೆ, ಪೆನ್ ಒಂದು ಕಡೆ ದಪ್ಪ ಒಂದು ಕಡೆ ತೆಳು ಬರುತ್ತದೆ. ನನ್ನ ಎರಡನೇ ಪೆನ್ ಹೋಗಿದ್ದು ಹೀಗೆ.

ಸೂಪರ್ ಗ್ಲೂ ಹಚ್ಚಲು ಹತ್ತಿ ಬಟ್ಟೆ ಬೇಡ, ಟಿಶ್ಯೂ ಪೇಪರ್ ಇರಲಿ. ಹತ್ತಿಗೆ ಗ್ಲೂ ಜಾಸ್ತಿ ಬಿದ್ದರೆ ಬಿಸಿಯಾಗಿ ಹೊಗೆ ಬರುತ್ತದೆ, ಬೆರಳು ಸುಟ್ಟುಕೊಂಡು ಹೇಳುತ್ತಿದ್ದೇನೆ. ಬಟ್ಟೆ ತಿರುಗುವ ಮರಕ್ಕೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಪೀಣ್ಯ ಟರ್ನರ್

ಬೆರಳು ಅಂದಿದ್ದಕ್ಕೆ ನೆನಪಾಯಿತು. ಮೇಡಂ, ದುಪಟ್ಟಾ, ಬಳೆ, ಉಂಗುರ, ಬಿಟ್ಟ ಕೂದಲು ಯಾವುದೂ ಲೇತ್ ಹತ್ತಿರ ಬೇಡ. ಗ್ಲೌಸ್ ಕೂಡ ಬೇಡ. ಮುಖ ಪೂರ್ತಿ ಮುಚ್ಚುವ ಶೀಲ್ಡ್, ಉಜ್ಜುವಾಗ ಎನ್95 ಮಾಸ್ಕ್. ಸ್ವಿಚ್ ಹಾಕುವ ಮೊದಲು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಟೂಲ್ ರೆಸ್ಟಿಗೆ ತಗಲುವುದಿಲ್ಲ ಅಂತ ನೋಡಿಕೊಂಡೇ ಚಾಲೂ ಮಾಡಿ. 22 ವರ್ಷದಿಂದ ನಾನು ಪ್ರತಿ ಸಲವೂ ತಿರುಗಿಸುತ್ತೇನೆ.

ಬಾಲ್ಕನಿ ಬಡಗಿ (ಬನಶಂಕರಿ)

ಎಲ್ಲರಿಗೂ ಥ್ಯಾಂಕ್ಸ್. ಚೀಲ ಅವತ್ತೇ ಬಿಚ್ಚಿದೆ ಅಣ್ಣ, ಎರಡು ತುಂಡಿಗೆ ಆಗಲೇ ಬೂಷ್ಟು ಹಿಡಿದಿತ್ತು. ನಮ್ಮ ಬೀದಿ ಬಡಗಿ ಹತ್ತಿರ ಸೀಳಿಸಿ ಕೊಯ್ಸಿದೆ, ಒಟ್ಟು 14 ತುಂಡು ಬಂತು. ಲೇತ್ ಸದ್ಯಕ್ಕೆ ತಗೊಳ್ಳುತ್ತಿಲ್ಲ, ಮುಂದಿನ ವಾರ ಚನ್ನಪಟ್ಟಣಕ್ಕೆ ಹೋಗುತ್ತೇನೆ. ಒಂದನೇ ನಂಬರ್ ತುಂಡು ಮೊದಲ ಭಾನುವಾರ 96 ಗ್ರಾಂ ಇತ್ತು, ಇವತ್ತು 88. ಅರಗಾ ಗ್ಲೂವಾ ಅಂತ ನೀವಿಬ್ಬರೂ ಅಷ್ಟರೊಳಗೆ ತೀರ್ಮಾನ ಮಾಡಿಕೊಳ್ಳಿ.

ಆಲೆಮರ (ಚನ್ನಪಟ್ಟಣ, ಈಗ ಕೆಂಗೇರಿ)

14 ತುಂಡು ಇದೆಯಲ್ಲಾ ಅಕ್ಕ, ಏಳು ಅಣ್ಣನಿಗೆ, ಏಳು ನನಗೆ.