ಹೆದರಿಸುವ ಪುಸ್ತಕಗಳ ಕಪಾಟಿನಲ್ಲಿ ಏನಿಡಬೇಕು, ಯಾರಿಗೆ ಕೊಡಬೇಕು?

ಪ್ರಶ್ನೆ: ಬನಶಂಕರಿಯ ನಮ್ಮ ಬಡಾವಣೆಯ ಸಂಘದ ಕೊಠಡಿಯಲ್ಲಿ ನಾವು ನಾಲ್ಕು ಜನ ಸೇರಿ ಪುಟ್ಟ ಗ್ರಂಥಾಲಯವೊಂದನ್ನು ನಡೆಸುತ್ತಿದ್ದೇವೆ. ಕೆಲವು ತಿಂಗಳುಗಳಿಂದ ಪಿಯುಸಿ ಮಕ್ಕಳೂ ಕೆಲಸಕ್ಕೆ ಹೋಗುವ ತರುಣರೂ ಹಾರರ್ ಇದೆಯೇ, ಡಾರ್ಕ್ ಫ್ಯಾಂಟಸಿ ಇದೆಯೇ ಎಂದು ಕೇಳುತ್ತಿದ್ದಾರೆ. ನಮ್ಮಲ್ಲಿರುವುದು ಹರಿದ ಮೂರು ಪತ್ತೇದಾರಿ ಕಾದಂಬರಿಗಳು ಮಾತ್ರ. ಕನ್ನಡದಲ್ಲಿ ಏನಿದೆ, ಇಂಗ್ಲಿಷಿನಲ್ಲಿ ಯಾವುದನ್ನು ಕೊಳ್ಳಬೇಕು, ಯಾರಿಗೆ ಯಾವುದನ್ನು ಕೊಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಮಲ್ಲೇಶ್ವರದ ಒಂದು ಖಾಸಗಿ ವಾಚನಾಲಯದಲ್ಲಿ 11 ವರ್ಷ ಪುಸ್ತಕ ಕೊಡುವ ಮೇಜಿನಲ್ಲಿ ಕುಳಿತವಳು ನಾನು. ಪುಸ್ತಕಗಳ ಹೆಸರು ಹೇಳುವ ಮುನ್ನ ನನ್ನಿಂದಾದ ಒಂದು ತಪ್ಪನ್ನು ಹೇಳಬೇಕು. ನಿವೃತ್ತ ಅಧ್ಯಾಪಕಿಯೊಬ್ಬರು ಒಳ್ಳೆಯ ದೆವ್ವದ ಕಥೆ ಬೇಕೆಂದು ಕೇಳಿದಾಗ, ಹೊಸದಾಗಿ ಬಂದಿದ್ದ ದಪ್ಪ ಇಂಗ್ಲಿಷ್ ಕಾದಂಬರಿಯೊಂದಕ್ಕೆ ದಿನಾಂಕದ ಮುದ್ರೆ ಒತ್ತಿ ಕೊಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅವರು ಅದನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದು, ಮೇಜಿನ ಮೇಲಿಟ್ಟು, "ನಾನು ಕೇಳಿದ್ದು ಭಯವನ್ನಮ್ಮ, ನೀವು ಕೊಟ್ಟದ್ದು ಹೇಸಿಗೆಯನ್ನು" ಎಂದರು. ಅವರ ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು.

ನಮ್ಮ ಕಾವ್ಯಶಾಸ್ತ್ರವು ಭಯಾನಕವನ್ನೂ ಬೀಭತ್ಸವನ್ನೂ ಎರಡು ಬೇರೆ ರಸಗಳೆಂದು ಎಂದೋ ವಿಂಗಡಿಸಿಟ್ಟಿದೆ. ಮೊದಲನೆಯದಕ್ಕೆ ಭಯ ಸ್ಥಾಯಿಭಾವ (ರಸಕ್ಕೆ ಮೂಲವಾದ ಭಾವ), ಎರಡನೆಯದಕ್ಕೆ ಜುಗುಪ್ಸೆ, ಅದ್ಭುತಕ್ಕೆ ವಿಸ್ಮಯ. ಈಗ ಡಾರ್ಕ್ ಫ್ಯಾಂಟಸಿ ಎಂದು ಕೇಳಿಕೊಂಡು ಬರುವವರಿಗೆ ಬೇಕಾಗಿರುವುದು ಬಹುಮಟ್ಟಿಗೆ ಅದ್ಭುತವೂ ಭಯಾನಕವೂ ಬೆರೆತ ಕಥೆ. ಆ ದಿನದ ನಂತರ ನಾನು ಯಾರಿಗೇ ಆಗಲಿ ಮೂರು ಪ್ರಶ್ನೆ ಕೇಳದೆ ಪುಸ್ತಕ ಕೊಡಲಿಲ್ಲ: ರಕ್ತಪಾತದ ವರ್ಣನೆಯನ್ನು ಓದಬಲ್ಲಿರಾ, ಮಕ್ಕಳಿಗೆ ಕೇಡಾಗುವ ಕಥೆಯಾದರೆ ಅಡ್ಡಿಯಿಲ್ಲವೇ, ದೆವ್ವ ನಿಜವೋ ಭ್ರಮೆಯೋ ಎಂಬುದು ಕೊನೆಗಾದರೂ ತಿಳಿಯಲೇಬೇಕೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಕನ್ನಡದ ವಿಷಯಕ್ಕೆ ಬಂದರೆ, ಭಯಾನಕ ಎಂಬ ಚೀಟಿ ಅಂಟಿಸಿಕೊಂಡ ಪುಸ್ತಕಗಳು ನಮ್ಮಲ್ಲಿ ಕಡಿಮೆ ಎಂಬುದು ನಿಜ, ಆದರೆ ಭಯಾನಕ ಸಾಹಿತ್ಯವೇ ಕಡಿಮೆ ಎಂಬುದು ಖಂಡಿತ ನಿಜವಲ್ಲ. ಅದು ಹಳಗನ್ನಡ, ನಾಟಕ, ಬೇಟೆಯ ಕಥೆ ಎಂಬ ಬೇರೆ ಬೇರೆ ಸಾಲುಗಳಲ್ಲಿ ಚದುರಿಕೊಂಡಿದೆ. ತಾವು ಮಾಡಬೇಕಾದದ್ದು ಅವನ್ನು ಒಂದೆಡೆ ತರುವ ಕೆಲಸ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಜಾಗವಿಲ್ಲದ ರಣರಂಗವನ್ನು ದಾಟುವಾಗ, ಹೆಣ ತಿನ್ನುವ ಮರುಳುಗಳು ಎದುರಾಗಿ ಅವನನ್ನು ಹಂಗಿಸುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ನಮ್ಮಿಬ್ಬರಲ್ಲಿ ನಿಜವಾದ ಮರುಳು ಯಾರು ಎಂದು ಪಿಶಾಚಿಯೇ ದೊರೆಯನ್ನು ಕೇಳುವ ಆ ಘಟ್ಟವನ್ನು ನಾನು ಮೊದಲ ಸಲ ಓದಿದ ರಾತ್ರಿ ದೀಪ ಆರಿಸಲು ಮನಸ್ಸಾಗಲಿಲ್ಲ. ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯ ಕತ್ತಲೆ ಇನ್ನೂ ದಟ್ಟವಾದದ್ದು. ಅಲ್ಲಿ ಚಂಡಮಾರಿಯ ಜಾತ್ರೆಗೆ ನರಬಲಿಯೆಂದು ಹಿಡಿದು ತಂದ ಎಳೆಯ ಅಣ್ಣ ತಂಗಿ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ, ಬಲಿಗೆಂದು ಹಿಟ್ಟಿನಲ್ಲಿ ಮಾಡಿದ ಕೋಳಿ ಕತ್ತಿಯೇಟು ಬಿದ್ದಾಗ ಕೂಗುತ್ತದೆ. ಇವೆರಡಕ್ಕೂ ಹೊಸಗನ್ನಡ ಗದ್ಯಾನುವಾದಗಳಿರುವುದರಿಂದ ಹಳಗನ್ನಡ ಬಾರದವರೂ ಓದಬಹುದು. ಮೂಲವನ್ನೂ ಪಕ್ಕದಲ್ಲಿಡಿ, ಕೆಲವರು ಅನುವಾದ ಮುಗಿಸಿ ಅದನ್ನೂ ಕೇಳಿಕೊಂಡು ಬರುತ್ತಾರೆ.

ನಾಟಕಗಳಲ್ಲಿ ಗಿರೀಶ ಕಾರ್ನಾಡರ "ನಾಗಮಂಡಲ" ಮತ್ತು "ಅಗ್ನಿ ಮತ್ತು ಮಳೆ" ಎರಡನ್ನೂ ನಿಸ್ಸಂಕೋಚವಾಗಿ ಈ ಕಪಾಟಿಗೆ ಸೇರಿಸಿ. ಒಂದರಲ್ಲಿ ಒಂದಿಡೀ ರಾತ್ರಿ ನಿದ್ರೆ ಮಾಡದಿದ್ದರೆ ಮಾತ್ರ ಬದುಕುವ ಮನುಷ್ಯನೊಬ್ಬ ಪಾಳು ಗುಡಿಯಲ್ಲಿ ಕುಳಿತಿರುವಾಗ ಊರಿನ ದೀಪದ ಕುಡಿಗಳು ಬಂದು ಮಾತಾಡುತ್ತವೆ, ಇನ್ನೊಂದರಲ್ಲಿ ಬ್ರಹ್ಮರಾಕ್ಷಸನೇ ಪಾತ್ರವಾಗಿದ್ದಾನೆ. ಕಾದಂಬರಿಯೇ ಬೇಕೆನ್ನುವವರಿಗೆ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ತುಳಸಿದಳ ಇಂದಿಗೂ ಕೈಯಿಂದ ಕೈಗೆ ಹೋಗುವ ಪುಸ್ತಕ. ಆದರೆ ಅದು ಪುಟ್ಟ ಹುಡುಗಿಯೊಬ್ಬಳ ಮೇಲೆ ನಡೆಯುವ ಮಾಟದ ಕಥೆಯಾದ್ದರಿಂದ ಎಳೆಯ ಮಕ್ಕಳ ತಾಯಂದಿರಿಗೆ ಮೊದಲೇ ತಿಳಿಸಿ ಕೊಡಿ. ಬಾಣಂತಿಯೊಬ್ಬರು ಅದನ್ನು ಕೇಳಿದಾಗ ನಾನು ವಿಷಯ ತಿಳಿಸಿ, ಅವರ ಒಪ್ಪಿಗೆಯ ಮೇರೆಗೆ ಬೇರೆ ಪುಸ್ತಕ ಕೊಟ್ಟೆ.

ಎರಡನೆಯ ಉತ್ತರ: ನಾನು ಪ್ರೌಢಶಾಲೆಯ ಕನ್ನಡ ಅಧ್ಯಾಪಕ. ಮೇಲಿನ ಮೇಡಂ ಅವರು ಬೇಟೆಯ ಕಥೆ ಎಂದು ಹೇಳಿ ಮುಂದೆ ಹೋದರು, ಹದಿಹರೆಯದವರ ಮಟ್ಟಿಗೆ ಅದೇ ಮುಖ್ಯವೆಂದು ನನ್ನ ಅನುಭವ. ಬೆಂಗಳೂರಿನಲ್ಲೇ ಬಾಳಿದ ಕೆನೆತ್ ಆಂಡರ್ಸನ್ ಅವರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳು ಎಂಬ ಮಾಲಿಕೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅವುಗಳಲ್ಲಿ ಅಲೌಕಿಕವಾದದ್ದು ಏನೂ ಇರಬೇಕಾಗಿಲ್ಲ. ಕತ್ತಲು, ಒಣ ಎಲೆಯ ಸದ್ದು, ಮರದ ಮೇಲೆ ಉಸಿರು ಬಿಗಿಹಿಡಿದು ಕುಳಿತ ಮನುಷ್ಯ, ಇಷ್ಟೇ ಸಾಕು. ಜಾಲಹಳ್ಳಿಯ ಕುರ್ಕ ಎಂಬ ಭಾಗವನ್ನು ತರಗತಿಯಲ್ಲಿ ತೋರಿಸಿದಾಗ, ದಿನವೂ ಜಾಲಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಬರುವ ಹುಡುಗನೊಬ್ಬ "ನಮ್ಮ ಜಾಲಹಳ್ಳಿಯಾ ಸಾರ್?" ಎಂದು ಎದ್ದು ನಿಂತ. ಕುರ್ಕ ಎಂದರೆ ಚಿರತೆ ಎಂದು ತಿಳಿದ ಮೇಲೆ ಆ ಪುಸ್ತಕ ಒಂದು ತಿಂಗಳು ನನ್ನ ಕೈಗೆ ಮರಳಲಿಲ್ಲ. ಗೊತ್ತಿರುವ ಜಾಗದಲ್ಲಿ ಹುಟ್ಟುವ ಭಯಕ್ಕೆ ಅಷ್ಟು ಶಕ್ತಿಯಿದೆ. 1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಮರಳಿ ಹೋಗಲೆಂದು ಮನೆಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದದ್ದನ್ನು ಕಂಡವರು ತಮ್ಮ ಬಡಾವಣೆಯಲ್ಲಿ ಖಂಡಿತ ಇರುತ್ತಾರೆ. ಒಂದು ಭಾನುವಾರ ಅವರನ್ನು ಕರೆದು ಮಕ್ಕಳ ಎದುರು ಆ ನೆನಪನ್ನು ಹೇಳಿಸಿ, ಆಮೇಲೆ ಪುಸ್ತಕಗಳನ್ನು ಹರಡಿ ನೋಡಿ.

ಇನ್ನೂ ಚಿಕ್ಕವರಿಗೆ ಬೇತಾಳನ ಕಥೆಗಳೇ ಸರಿ. ಪಿಯುಸಿ ಹೆಣ್ಣುಮಕ್ಕಳಿಗೆ ನಾನು ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ಕೊಡುವಾಗ, ಲೇಖಕಿ ಅದನ್ನು 1816ರಲ್ಲಿ ಬರೆಯತೊಡಗಿದಾಗ ಆಕೆಗೆ 18 ವರ್ಷ, 1818ರಲ್ಲಿ ಅದು ಅಚ್ಚಾದಾಗ ಮುಖಪುಟದಲ್ಲಿ ಆಕೆಯ ಹೆಸರೇ ಇರಲಿಲ್ಲ ಎಂದು ಹೇಳುತ್ತೇನೆ. ಪುಸ್ತಕ ತೆಗೆದುಕೊಂಡು ಹೋಗಲು ಅಷ್ಟು ಸಾಕಾಗುತ್ತದೆ.

ಮೂರನೆಯ ಉತ್ತರ: ಇಂಗ್ಲಿಷ್ ಪುಸ್ತಕಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಾನು ಕೊಂಡು ಓದುವುದು ಹೆಚ್ಚಾಗಿ ಅವನ್ನೇ. ಹಣ ಕಡಿಮೆಯಿದ್ದರೆ ಬ್ರ್ಯಾಮ್ ಸ್ಟೋಕರ್‌ನ ಡ್ರಾಕುಲಾದಿಂದ (1897) ಆರಂಭಿಸಿ. ಅದು ದಿನಚರಿ, ಪತ್ರ, ಪತ್ರಿಕಾ ತುಣುಕುಗಳ ರೂಪದಲ್ಲಿರುವುದರಿಂದ ಬಸ್ಸಿನಲ್ಲಿ ಹತ್ತು ಪುಟ ಓದಿ ಮುಚ್ಚಿದರೂ ಎಳೆ ತಪ್ಪುವುದಿಲ್ಲ. ದೆವ್ವ ಮನೆಯಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬುದು ತಿಳಿಯದಿದ್ದರೂ ಸರಿ ಎನ್ನುವವರಿಗೆ ಶರ್ಲಿ ಜಾಕ್ಸನ್‌ರ ದ ಹಾಂಟಿಂಗ್ ಆಫ್ ಹಿಲ್ ಹೌಸ್ (1959) ಕೊಡಿ. ಸ್ಟೀಫನ್ ಕಿಂಗ್‌ರ ದ ಶೈನಿಂಗ್ (1977) ಒಳ್ಳೆಯ ಕಾದಂಬರಿಯೇ, ಆದರೆ ತಂದೆಯ ಕುಡಿತವನ್ನು ಮನೆಯಲ್ಲಿ ಕಂಡಿರುವ ಓದುಗರಿಗೆ ಅದು ಕಥೆಯಾಗಿ ಉಳಿಯುವುದಿಲ್ಲ. ನಾನೇ ಅದನ್ನು ಎರಡು ಸಲ ಅರ್ಧಕ್ಕೆ ಮುಚ್ಚಿಟ್ಟು ಮೂರನೆಯ ಸಲ ಮುಗಿಸಿದವನು. ಡಾರ್ಕ್ ಫ್ಯಾಂಟಸಿಗೆ ಉರ್ಸುಲಾ ಲೆ ಗ್ವಿನ್‌ರ ಎ ವಿಜರ್ಡ್ ಆಫ್ ಅರ್ಥ್‌ಸೀ (1968) ಎಲ್ಲ ವಯಸ್ಸಿಗೂ ಸಲ್ಲುತ್ತದೆ. ಹೆಮ್ಮೆಯಿಂದ ತಾನೇ ಹೊರಬಿಟ್ಟ ನೆರಳಿನಿಂದ ಹುಡುಗನೊಬ್ಬ ದ್ವೀಪದಿಂದ ದ್ವೀಪಕ್ಕೆ ಓಡಿ, ಕೊನೆಗೆ ತಿರುಗಿ ಅದನ್ನೇ ಬೆನ್ನಟ್ಟುವ ಕಥೆ ಅದು. ಏಂಜೆಲಾ ಕಾರ್ಟರ್‌ರ ದ ಬ್ಲಡಿ ಚೇಂಬರ್ (1979) ವಯಸ್ಕರ ಸಾಲಿನಲ್ಲೇ ಇರಲಿ. ಕೊಳ್ಳುವ ಮೊದಲು ಅವೆನ್ಯೂ ರಸ್ತೆಯ ಮತ್ತು ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಗಳನ್ನು ನೋಡಿ. ಅಕ್ಷರ ತೀರಾ ಸಣ್ಣದಾಗಿರುವ ಪ್ರತಿಗಳನ್ನು ಮಾತ್ರ ತರಬೇಡಿ, ಹಿರಿಯ ಓದುಗರು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಕೊಠಡಿಯ ಬೀಗ ತೆಗೆದು ನೋಡಿದೆ. ಗದಾಯುದ್ಧದ ಗದ್ಯಾನುವಾದ ನಮ್ಮಲ್ಲೇ ಇದೆ, ಪರೀಕ್ಷಾ ಮಾರ್ಗದರ್ಶಿಗಳ ಹಿಂದೆ ಸಿಕ್ಕಿಕೊಂಡಿತ್ತು. ಒಳಗಿನ ದಿನಾಂಕದ ಚೀಟಿಯಲ್ಲಿ ಒಂದು ಮುದ್ರೆಯೂ ಇಲ್ಲ. ಅದನ್ನು ಮನೆಗೆ ತಂದಿದ್ದೇನೆ, ಮರುಳುಗಳ ಭಾಗವನ್ನು ಇಂದು ರಾತ್ರಿ ಓದುತ್ತೇನೆ.