60 ವ್ಯಾಟ್ ಬಲ್ಬಿನ ರೋಧ ಲೆಕ್ಕದಲ್ಲಿ 882 ಓಮ್, ಮೀಟರಿನಲ್ಲಿ 62. ಯಾವುದನ್ನು ನಂಬಲಿ?

ಮಿಣುಕುಹುಳ:
ಎಲ್ಲರಿಗೂ ನಮಸ್ಕಾರ. ಪುಸ್ತಕದ ಲೆಕ್ಕವನ್ನು ನಿಜವಾದ ವಸ್ತುವಿನ ಮೇಲೆ ತಾಳೆ ನೋಡೋಣ ಅಂತ ಹಳೇ ಫಿಲಮೆಂಟ್ ಬಲ್ಬೊಂದನ್ನು ಹಿಡಿದು ಕೂತಿದ್ದೇನೆ. ಗಾಜಿನ ಮೇಲೆ 230 ವೋಲ್ಟ್, 60 ವ್ಯಾಟ್ ಎಂದು ಅಚ್ಚಾಗಿದೆ. ಪವರ್ ಅಂದರೆ ವೋಲ್ಟೇಜ್ × ಕರೆಂಟು, ಹಾಗಾಗಿ ಕರೆಂಟು 60 ÷ 230 = 0.2609 ಆಂಪಿಯರ್. ರೋಧ 230 ÷ 0.2609, ಅಂದರೆ 882 ಓಮ್. ಇಲ್ಲಿವರೆಗೆ ಸರಿ.

ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ನೋಡಿದರೆ 62 ಓಮ್! ಮೀಟರು ಕೆಟ್ಟಿಲ್ಲ, 100 ಓಮಿನ ರೆಸಿಸ್ಟರಿಗೆ 99.6 ತೋರಿಸುತ್ತಿದೆ. ಈ 62ನ್ನೇ ಹಿಡಿದು ಲೆಕ್ಕ ಹಾಕಿದರೆ ಕರೆಂಟು 3.7 ಆಂಪಿಯರ್, ಪವರ್ 853 ವ್ಯಾಟ್. ಒಂದು ಬಲ್ಬು ಇಸ್ತ್ರಿ ಪೆಟ್ಟಿಗೆಯಷ್ಟು ಎಳೆಯುತ್ತದೆಯೇ?

ಸೂತ್ರಧಾರಿ:
ಬಲ್ಬು ಓಮನ ನಿಯಮ ಪಾಲಿಸುವುದಿಲ್ಲ. ಅದಕ್ಕೆ ಆ ಸೂತ್ರ ಹಾಕಲೇಬಾರದು. ಇಷ್ಟೇ ವಿಷಯ.

ತಾಮ್ರದತಂತಿ:
ಸೂತ್ರಧಾರಿಗಳೇ, ಸ್ವಲ್ಪ ತಾಳಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವುದೇ ರೋಧ. ಆ ಕ್ಷಣಕ್ಕೆ ಅದು ಬಲ್ಬಿಗೂ ನಿಜ, ಬಂಡೆಗೂ ನಿಜ. ಜರ್ಮನ್ ವಿಜ್ಞಾನಿ ಓಮ್ ಹೇಳಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು: ಉಷ್ಣತೆ ಬದಲಾಗದಿದ್ದರೆ ಲೋಹದಲ್ಲಿ ಆ ಭಾಗಲಬ್ಧವೂ ಬದಲಾಗದು ಅಂತ. 1827ರಲ್ಲಿ ಪುಸ್ತಕ ಬರೆಯುವ ಮೊದಲೇ ಆತ ಪ್ರಯೋಗಕ್ಕೆ ಬಿಸ್ಮತ್-ತಾಮ್ರದ ಜೋಡಣೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ವೋಲ್ಟೇಜ್ ಪಡೆದ. ಆಗಿನ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಆ ಸಹನೆ ನಮಗೆ ಸೂತ್ರ ಬಾಯಿಪಾಠ ಮಾಡುವಾಗ ಕಾಣುವುದಿಲ್ಲ.

ಮಿಣುಕುಹುಳ ಅವರೇ, ನಿಮ್ಮ ಎರಡು ಅಂಕಿಗಳೂ ಸರಿ. 62 ತಣ್ಣಗಿರುವ ಬಲ್ಬಿನದು, 882 ಉರಿಯುವ ಬಲ್ಬಿನದು. ಉರಿಯುವಾಗ ಟಂಗ್‌ಸ್ಟನ್ ಎಳೆ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಅಷ್ಟು ಕಾದಾಗ ಅದರ ರೋಧ ಹದಿನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. 882ನ್ನು 62ರಿಂದ ಭಾಗಿಸಿ ನೋಡಿ, 14.2.

ನಿಮ್ಮ 853 ವ್ಯಾಟ್ ಕೂಡ ಪೂರ್ತಿ ಸುಳ್ಳಲ್ಲ, ಅದೇ ಇದರಲ್ಲಿ ನನಗೆ ಇಷ್ಟವಾದದ್ದು. ಸ್ವಿಚ್ ಒತ್ತಿದ ಗಳಿಗೆಯಲ್ಲಿ ಬಲ್ಬು ಹೆಚ್ಚುಕಡಿಮೆ ಅಷ್ಟನ್ನೂ ಎಳೆಯಬಲ್ಲದು. ಕಣ್ಣು ಮಿಟುಕಿಸುವಷ್ಟರಲ್ಲಿ ಎಳೆ ಕಾಯ್ದು, ರೋಧ ಏರಿ, ಕರೆಂಟು ತನ್ನಷ್ಟಕ್ಕೇ 0.26ಕ್ಕೆ ಇಳಿಯುತ್ತದೆ. ಹಳೇ ಬಲ್ಬುಗಳು ಬಹುಪಾಲು ಸ್ವಿಚ್ ಹಾಕಿದ ಕೂಡಲೇ ‘ಟಪ್’ ಅಂತ ಹೋಗುತ್ತಿದ್ದುದು ಇದರಿಂದಲೇ. ಎಲ್ಲಿ ಸವೆದಿದೆಯೋ ಆ ಜಾಗ ಈ ಹೊಡೆತ ತಾಳುವುದಿಲ್ಲ.

ಇನ್ನು ಇಸ್ತ್ರಿ ಪೆಟ್ಟಿಗೆಯ ಮಾತು ಎತ್ತಿದ್ದೀರಿ. 750 ವ್ಯಾಟಿನದ್ದಾದರೆ 230 × 230 ÷ 750, ಅಂದರೆ 70.5 ಓಮ್. ಪ್ಲಗ್ ಕಿತ್ತು, ಥರ್ಮೋಸ್ಟ್ಯಾಟ್ ಗುಂಡಿ ತಿರುಗಿಸಿಟ್ಟು, ಅದರ ಪಿನ್ನುಗಳ ನಡುವೆ ಅಳೆಯಿರಿ. ತಣ್ಣಗಿದ್ದರೂ ಅದರ ಹತ್ತಿರದ ಅಂಕಿಯೇ ಬರುತ್ತದೆ. ಒಳಗಿರುವುದು ನೈಕ್ರೋಮ್ ಅನ್ನುವ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದ ತಂತಿ. ಅದು ಕಾದರೂ ರೋಧ ಹೆಚ್ಚೇನೂ ಬದಲಾಗುವುದಿಲ್ಲ, ಹಾಗಾಗಿಯೇ ಹೀಟರುಗಳಿಗೆ ಅದನ್ನು ಬಳಸುವುದು. ಮೋಟಾರ್ ರಿವೈಂಡಿಂಗ್ ಮಾಡುವವನಾದ ನಾನು ಕಾಯಿಲ್ ಸುಟ್ಟಿದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಓಮ್ ರೇಂಜನ್ನು ನಂಬುತ್ತೇನೆ. ಪವರ್ ಬೇಕಿದ್ದರೆ ಓಡುತ್ತಿರುವಾಗಲೇ ಅಳೆಯಬೇಕು.

ನೀವೇ ನೋಡಬೇಕೆಂದರೆ 230 ವೋಲ್ಟಿಗೆ ಕೈ ಹಾಕಬೇಡಿ. ಕಾರಿನ 12 ವೋಲ್ಟ್, 5 ವ್ಯಾಟ್ ಬಲ್ಬು ತನ್ನಿ. ಮೀಟರಿನ ಕೆಂಪು ಲೀಡನ್ನು 10 ಆಂಪಿಯರ್ ತೂತಿಗೆ ಹಾಕಿ, ಬಲ್ಬಿನ ಜೊತೆ ಸರಣಿಯಲ್ಲಿ ಜೋಡಿಸಿ. ಲೀಡು ಆ ತೂತಿನಲ್ಲಿರುವಾಗ ಅಪ್ಪಿತಪ್ಪಿಯೂ ಬ್ಯಾಟರಿಯ ಎರಡೂ ತುದಿಗೆ ನೇರ ಮುಟ್ಟಿಸಬೇಡಿ, ಅದು ಶಾರ್ಟ್ ಸರ್ಕ್ಯೂಟ್ ಆದಂತೆಯೇ.

ಸೂತ್ರಧಾರಿ:
ಒಪ್ಪಿದೆ. ಆದರೆ ವೋಲ್ಟೇಜ್ ಇಳಿದಾಗಿನ ಲೆಕ್ಕದಲ್ಲಿ ಹುಷಾರಾಗಿರಬೇಕು ಅಲ್ಲವೇ? 230 ಇದ್ದದ್ದು 200ಕ್ಕೆ ಬಂದರೆ ಇಸ್ತ್ರಿ 750ರಿಂದ 567 ವ್ಯಾಟಿಗೆ ಇಳಿಯುತ್ತದೆ. ಬಲ್ಬಿಗೂ 882 ಓಮ್ ಹಿಡಿದು ಲೆಕ್ಕ ಹಾಕಿದರೆ 45 ಬರುತ್ತದೆ.

ತಾಮ್ರದತಂತಿ:
ಸರಿಯಾಗಿ ಹಿಡಿದಿರಿ. ಬಲ್ಬು ನಿಜಕ್ಕೂ 48ರ ಆಸುಪಾಸಿನಲ್ಲಿ ನಿಲ್ಲುತ್ತದೆ. ವೋಲ್ಟೇಜ್ ಕಡಿಮೆಯಾದರೆ ಎಳೆ ಅಷ್ಟು ಕಾಯುವುದಿಲ್ಲ, ರೋಧವೂ ಇಳಿಯುತ್ತದೆ. ಬೆಳಕು ಮಾತ್ರ ವ್ಯಾಟಿಗಿಂತ ಬೇಗ ಮಂಕಾಗುತ್ತದೆ.

ಮಿಣುಕುಹುಳ:
ಕಾರಿನ ಬಲ್ಬು ಸಿಕ್ಕಿತು! ತಣ್ಣಗಿದ್ದಾಗ ಮೀಟರಿನಲ್ಲಿ 2.4 ಓಮ್. ಒಂದು ಸೆಲ್ಲಿನ 1.5 ವೋಲ್ಟಿಗೆ 0.13 ಆಂಪಿಯರ್, ಅಂದರೆ 11.5 ಓಮ್, ಎಳೆ ಮಂದವಾಗಿ ಕೆಂಪಗಾಗಿತ್ತು ಅಷ್ಟೆ. 6 ವೋಲ್ಟಿಗೆ 0.28, ಅಂದರೆ 21 ಓಮ್. 12 ವೋಲ್ಟಿಗೆ 0.42, ಅಂದರೆ 28.6 ಓಮ್, ಪವರ್ 5.04 ವ್ಯಾಟ್. ವೋಲ್ಟೇಜ್ ಎರಡು ಪಟ್ಟಾದರೂ ಕರೆಂಟು ಒಂದೂವರೆ ಪಟ್ಟಷ್ಟೇ ಏರಿತು. ಇದನ್ನೇ ಫ್ಯಾನಿಗೂ ಎಲ್‌ಇಡಿ ಬಲ್ಬಿಗೂ ಮಾಡಬಹುದಾ?

ತಾಮ್ರದತಂತಿ:
ಚೆನ್ನಾಗಿ ಬಂದಿದೆ. 2.4ರಲ್ಲಿ ಲೀಡಿನದೇ ಒಂದಿಷ್ಟು ಸೇರಿರುತ್ತದೆ. ಎರಡು ಲೀಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯಿರಿ.

ಫ್ಯಾನಿಗೆ ಈ ದಾರಿ ಬೇಡ. ಅದರ ಸುರುಳಿಯನ್ನು ಮೀಟರಿನಲ್ಲಿ ಅಳೆದರೆ ತಂತಿಯ ರೋಧವಷ್ಟೇ ಸಿಗುತ್ತದೆ. ಎಸಿ ಕೊಟ್ಟಾಗ ಸುರುಳಿಯ ಇಂಡಕ್ಟೆನ್ಸೂ (ಕರೆಂಟಿನ ಏರಿಳಿತಕ್ಕೆ ಅಡ್ಡ ಬರುವ ಗುಣ) ಕರೆಂಟನ್ನು ತಡೆಯುತ್ತದೆ, ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ವೋಲ್ಟೇಜ್ × ಕರೆಂಟು ಮಾಡಿದರೆ ಬರುವುದು ವೋಲ್ಟ್-ಆಂಪಿಯರ್. ಅದನ್ನು ಪವರ್ ಫ್ಯಾಕ್ಟರಿನಿಂದ, ಅಂದರೆ ಅದರಲ್ಲಿ ನಿಜವಾದ ಪವರಿನ ಪಾಲೆಷ್ಟು ಎಂದು ಹೇಳುವ ಅಂಕಿಯಿಂದ, ಗುಣಿಸಿದ ಮೇಲೆಯೇ ವ್ಯಾಟ್. ಎಲ್‌ಇಡಿ ಬಲ್ಬಿನೊಳಗೆ ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟು ಇರುವುದರಿಂದ ಓಮ್ ರೇಂಜಿನ ಅಂಕಿಗೆ ಅರ್ಥವೇ ಇಲ್ಲ. ಎರಡಕ್ಕೂ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ಬಳಸಿ.